ಬೇಳೆಯ ಬೆಲೆ ಕೇಳಲು ಕಲಿತ ಮೇಷ್ಟ್ರು

ದಿನಸಿ ಅಂಗಡಿಯ ಮುಂದೆ ನಿಂತ ನಲವತ್ತರ ಆಸುಪಾಸಿನ ಒಬ್ಬರು ‘ಬೆಳೆಯ ಬೇಲೆ ಎಷ್ಟು?’ ಎಂದು ಕೇಳಿದರೆ ಅಂಗಡಿಯವರು ಒಂದು ಕ್ಷಣ ತಬ್ಬಿಬ್ಬಾಗುವುದು ಸಹಜ. ಕೇಳುವವರಿಗೆ ಬೇಕಾದದ್ದು ತೊಗರಿಬೇಳೆ. ತಿಳಿಯಬೇಕಾದದ್ದು ಅದರ ಬೆಲೆ. ಬಾಯಿಗೆ ಬಂದದ್ದು ಗದ್ದೆಯಲ್ಲಿ ನಿಂತಿರುವ ಬೆಳೆ. ಬೆಲೆ, ಬೆಳೆ, ಬೇಳೆ ಈ ಮೂರರ ನಡುವಿನ ವ್ಯತ್ಯಾಸ ಕನ್ನಡದ ಮಗುವಿಗೆ ಹಾಲು ಕುಡಿದಷ್ಟು ಸಲೀಸು. ಆದರೆ ಈ ಪ್ರಶ್ನೆ ಕೇಳಿದವರು ತಮ್ಮ ಊರಿನಲ್ಲಿ ಹತ್ತು ಹದಿನೈದು ವರ್ಷ ಪಾಠ ಹೇಳಿದ ಮೇಷ್ಟ್ರು. ಅಲ್ಲಿ ಅವರು ಬೀದಿಯಲ್ಲಿ ನಡೆದರೆ ಮಕ್ಕಳು ಆಟ ನಿಲ್ಲಿಸುತ್ತಾರೆ. ಇಲ್ಲಿ ಅರ್ಧ ಕಿಲೋ ಬೇಳೆ ಕೊಳ್ಳಲು ಬೆರಳು ತೋರಿಸಬೇಕು.

ಇಂತಹ ಮೇಷ್ಟ್ರುಗಳು, ಮೇಡಂಗಳು 1970ರ ನಂತರ ಮೈಸೂರಿಗೆ ತಂಡತಂಡವಾಗಿ ಬಂದರು. ಪ್ರವಾಸಕ್ಕಲ್ಲ, ವರ್ಗವಾಗಿಯೂ ಅಲ್ಲ. ತಾವೇ ವಿದ್ಯಾರ್ಥಿಗಳಾಗಿ ಹತ್ತು ತಿಂಗಳು ಕುಳಿತು ದಕ್ಷಿಣದ ಒಂದು ಭಾಷೆಯನ್ನು ಕಲಿತು, ಊರಿಗೆ ಮರಳಿ ಅದನ್ನು ತಮ್ಮ ಶಾಲೆಯ ಮಕ್ಕಳಿಗೆ ಕಲಿಸಲು. ಉತ್ತರದಿಂದ ಬಂದ ಶಿಕ್ಷಕನೆಂದರೆ ಹಿಂದಿ ಕಲಿಸಲು ಬಂದವನು ಎಂಬ ಭಾವನೆ ನಮ್ಮಲ್ಲಿ ಹಳೆಯದು. ಅದಕ್ಕೆ ಕಾರಣವೂ ಇದೆ. 1918ರಲ್ಲಿ ಗಾಂಧೀಜಿಯವರು ಮಗ ದೇವದಾಸರನ್ನು ಮದರಾಸಿಗೆ ಕಳುಹಿಸಿ ಹಿಂದಿ ತರಗತಿ ಆರಂಭಿಸಿದ ದಿನದಿಂದ ಆ ದಾರಿ ತೆರೆದುಕೊಂಡಿತ್ತು. ಕಲಿಯುವುದಕ್ಕೆಂದು ಎದುರು ದಿಕ್ಕಿನಲ್ಲಿ ಬಂದವರ ಕಥೆ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಇದರ ಮೂಲ ಇರುವುದು ತ್ರಿಭಾಷಾ ಸೂತ್ರದಲ್ಲಿ. 1956ರಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ರೂಪಿಸಿದ ಈ ಸೂತ್ರಕ್ಕೆ 1961ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ಒಪ್ಪಿಗೆ ನೀಡಿತು. ಕೊಠಾರಿ ಆಯೋಗ ಅದನ್ನು ಮತ್ತೆ ಪರಿಶೀಲಿಸಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅದು ಖಚಿತ ರೂಪ ಪಡೆಯಿತು. ಹಿಂದಿಯೇತರ ರಾಜ್ಯಗಳ ಮಕ್ಕಳು ತಮ್ಮ ಭಾಷೆ ಮತ್ತು ಇಂಗ್ಲಿಷಿನ ಜೊತೆ ಹಿಂದಿ ಕಲಿಯಬೇಕು. ಹಿಂದಿ ರಾಜ್ಯಗಳ ಮಕ್ಕಳು ಹಿಂದಿ, ಇಂಗ್ಲಿಷ್ ಅಲ್ಲದೆ ಇನ್ನೊಂದು ಆಧುನಿಕ ಭಾರತೀಯ ಭಾಷೆಯನ್ನು, ಸಾಧ್ಯವಾದಷ್ಟೂ ದಕ್ಷಿಣದ ಒಂದು ಭಾಷೆಯನ್ನು ಕಲಿಯಬೇಕು. ಕೊಡುಕೊಳ್ಳುವಿಕೆಯ ಈ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿನ ಹಳ್ಳಿಶಾಲೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಕಲಿಸುವವರು ಯಾರು?

ಆ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ಮೈಸೂರಿನಲ್ಲಿದೆ. 1969ರ ಜುಲೈ 17ರಂದು ಇಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ದೇಬಿ ಪ್ರಸನ್ನ ಪಟ್ಟನಾಯಕ್. ಒಡಿಶಾದ ಭಾಷಾವಿಜ್ಞಾನಿ. ಅಂದರೆ ಅವರೂ ಊರು ಬಿಟ್ಟು ಬಂದವರೇ. ಮರುವರ್ಷ ಸಂಸ್ಥಾನದ ಅಡಿಯಲ್ಲಿ ಮೈಸೂರು, ಪುಣೆ, ಭುವನೇಶ್ವರ, ಪಟಿಯಾಲಗಳಲ್ಲಿ ಪ್ರಾದೇಶಿಕ ಭಾಷಾ ಕೇಂದ್ರಗಳು ಆರಂಭವಾದವು. ಮುಂದೆ ಸೋಲನ್, ಲಖನೌ, ಗುವಾಹಟಿಗಳು ಸೇರಿಕೊಂಡವು. ಮೈಸೂರಿನದು ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ. ಕನ್ನಡ, ತಮಿಳು, ತೆಲುಗು, ಮಲಯಾಳ ಇಲ್ಲಿನ ಪಾಠ. ಜುಲೈಯಿಂದ ಏಪ್ರಿಲ್‌ವರೆಗೆ ತರಗತಿ. ರಾಜ್ಯ ಸರ್ಕಾರಗಳು ಕೆಲಸದಲ್ಲಿರುವ ಶಿಕ್ಷಕರನ್ನು ನಿಯೋಜನೆಯ ಮೇಲೆ ಕಳುಹಿಸುತ್ತವೆ. ಸಂಬಳ ಊರಿನಲ್ಲಿ ನಡೆಯುತ್ತಿರುತ್ತದೆ, ಮೇಷ್ಟ್ರು ಇಲ್ಲಿ ‘ಅ ಆ ಇ ಈ’ ತಿದ್ದುತ್ತಿರುತ್ತಾರೆ.

ಸಂಸ್ಥಾನ ಇರುವುದು ಮಾನಸಗಂಗೋತ್ರಿಯ ಹಸುರಿನ ನಡುವೆ, ಹುಣಸೂರು ರಸ್ತೆಯ ಕಡೆ. ಅಲ್ಲಿಂದ ಸೈಕಲ್ಲಿನಲ್ಲಿ ಸರಸ್ವತಿಪುರಂ ದಾಟಿ ಹೋಗಿಬರಬಹುದಾದ ದೂರದಲ್ಲಿದೆ ಕೃಷ್ಣಮೂರ್ತಿಪುರಂ. ಮೇಷ್ಟ್ರು ಇಲ್ಲೊಂದು ಕೋಣೆ ಹಿಡಿದರು ಎನ್ನಿ. ಹಾಸ್ಟೆಲಿಗಿಂತ ಬಾಡಿಗೆಯ ಕೋಣೆಯೇ ವಾಸಿ ಎನ್ನುವವರು ಯಾವ ತಂಡದಲ್ಲೂ ಒಬ್ಬಿಬ್ಬರು ಇರುವುದುಂಟು. ಒಬ್ಬರಿಗೆ ತಮ್ಮ ಕೈಯ ರೊಟ್ಟಿ ಬೇಕು, ಇನ್ನೊಬ್ಬರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಯೋಚನೆಯಲ್ಲಿರುತ್ತಾರೆ.

ಮೈಸೂರು 1890ರ ದಶಕದ ಕೊನೆಯಲ್ಲಿ ಪ್ಲೇಗಿಗೆ ತತ್ತರಿಸಿತ್ತು. ಆನಂತರ ಕೋಟೆಯ ಸುತ್ತಲಿನ ಇಕ್ಕಟ್ಟಿನಿಂದ ಜನರನ್ನು ಹೊರತರಲು ಹೊಸ ಬಡಾವಣೆಗಳು ಎದ್ದವು. 1903ರಲ್ಲಿ ಅದಕ್ಕೆಂದೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. 1901ರಿಂದ 1906ರವರೆಗೆ ದಿವಾನರಾಗಿದ್ದವರು ಪೂರ್ಣಯ್ಯನವರ ವಂಶದ ಪಿ.ಎನ್. ಕೃಷ್ಣಮೂರ್ತಿ. ಅವರ ಹೆಸರನ್ನು ಹೊತ್ತ ಬಡಾವಣೆ ಇದು. ನೇರ ಮುಖ್ಯರಸ್ತೆಗಳು, ಅವುಗಳನ್ನು ಕತ್ತರಿಸುವ ಅಡ್ಡರಸ್ತೆಗಳು, ಹೆಂಚಿನ ಮನೆಗಳು, ಮನೆಯ ಪಕ್ಕದಲ್ಲೋ ಹಿಂದೆಯೋ ಒಂದು ಔಟ್‌ಹೌಸು. ಶಾರದಾ ವಿಲಾಸ ವಿದ್ಯಾಸಂಸ್ಥೆಗಳು ಇಲ್ಲೇ ಇರುವುದರಿಂದ, ಪಕ್ಕದ ಚಾಮರಾಜಪುರಂನಲ್ಲಿ ರೈಲು ನಿಲ್ಲುವುದರಿಂದ, ಪರಊರಿನ ಹುಡುಗರಿಗೆ ಕೋಣೆ ಕೊಡುವುದು ಈ ಬಡಾವಣೆಗೆ ಹೊಸದಲ್ಲ. ‘ಪುರ’ ಎನ್ನದೆ ‘ಪುರಂ’ ಎನ್ನುವುದು ಮೈಸೂರಿನ ಬಡಾವಣೆಗಳ ಒಂದು ರೂಢಿ. ಲಕ್ಷ್ಮೀಪುರಂ, ಸರಸ್ವತಿಪುರಂ, ಜಯಲಕ್ಷ್ಮೀಪುರಂ ಎಲ್ಲವೂ ಹಾಗೆಯೇ. ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದೆ ಎಂದು ತರಗತಿಯಲ್ಲಿ ಕಲಿತು ಬಂದ ಮೇಷ್ಟ್ರಿಗೆ ತಾವು ಇಳಿದುಕೊಂಡ ಬೀದಿಯ ಫಲಕವೇ ಮೊದಲ ಅಪವಾದ.

ಅಕ್ಷರದ ಕಷ್ಟ, ಅರ್ಥದ ಕಷ್ಟ

ಕನ್ನಡ ಅಕ್ಷರಮಾಲೆ ಹಿಂದಿಯವರಿಗೆ ಮೊದಲ ವಾರ ಸಂತೋಷವನ್ನೇ ಕೊಡುತ್ತದೆ. ಕ ಖ ಗ ಘ ಎಂಬ ಸಾಲು ಅಲ್ಲಿಯೂ ಅದೇ, ಇಲ್ಲಿಯೂ ಅದೇ. ಆಕಾರ ಮಾತ್ರ ದುಂಡಗೆ. ಎರಡನೆಯ ವಾರ ಸಂತೋಷ ಇಳಿಯತೊಡಗುತ್ತದೆ. ಹಿಂದಿಯ ಬರಹದಲ್ಲಿ ‘ಎ’ ಮತ್ತು ‘ಏ’ ಎಂಬ ಭೇದವಿಲ್ಲ, ‘ಒ’ ಮತ್ತು ‘ಓ’ ಎಂಬುದೂ ಇಲ್ಲ. ಹೀಗಾಗಿ ಕೆರೆಗೆ ಹೋಗಿ ಬಂದೆ ಎನ್ನಲು ಹೋಗಿ ಕೇರೆಹಾವನ್ನು ಮಾತಿಗೆ ಎಳೆದುತರುತ್ತಾರೆ. ಕೊಡು ಎನ್ನಬೇಕಾದಲ್ಲಿ ಕೋಡು ಮೂಡುತ್ತದೆ. ಇಂದಿನ ಹಿಂದಿಯ ಶಿಷ್ಟರೂಪದಲ್ಲಿ ‘ಳ’ ಕೂಡ ಇಲ್ಲ. ‘ನಾನು ಹಳ್ಳಿಯಿಂದ ಬಂದವನು’ ಎಂದು ಹೇಳಿಕೊಳ್ಳಲು ಹೊರಟ ಮೇಷ್ಟ್ರು ತಾವು ಹಲ್ಲಿಯಿಂದ ಬಂದಿರುವುದಾಗಿ ಘೋಷಿಸಿದರೆ ಮನೆಯೊಡತಿ ಗೋಡೆಯ ಮೇಲೆ ನೋಡುವುದರಲ್ಲಿ ತಪ್ಪೇನಿಲ್ಲ.

ಎಲ್ಲರಿಗೂ ಒಂದೇ ಕಷ್ಟ ಎಂದಲ್ಲ. ಈ ತರಗತಿಗಳ ಸ್ವಾರಸ್ಯ ಇರುವುದು ಅಲ್ಲೇ. ಮರಾಠಿ, ಗುಜರಾತಿ, ಪಂಜಾಬಿ, ಒಡಿಯಾದವರಿಗೆ ‘ಳ’ ಮನೆಯ ಅಕ್ಷರ. ಪದದ ಕೊನೆಯ ‘ಅ’ಕಾರವನ್ನು ಹಿಂದಿಯವರು ನುಂಗುತ್ತಾರೆ. ಅವರ ಬಾಯಲ್ಲಿ ರಾಮ ‘ರಾಮ್’ ಆಗುತ್ತಾನೆ, ಕಮಲ ‘ಕಮಲ್’. ಒಡಿಯಾದವರು ಕೊನೆಯ ಸ್ವರವನ್ನು ಬಿಡುವುದಿಲ್ಲವಾದ್ದರಿಂದ ಅವರಿಗೆ ಆ ತೊಂದರೆ ಕಡಿಮೆ. ಅಸ್ಸಾಮಿನ ಮೇಷ್ಟ್ರಿಗೆ ಬೇರೆಯದೇ ತೊಡಕು. ಅವರ ಉಚ್ಚಾರಣೆಯಲ್ಲಿ ತ-ವರ್ಗ, ಟ-ವರ್ಗ ಎರಡೂ ಒಂದೇ. ಕತ್ತಿಗೂ ಕಟ್ಟಿಗೂ ಅಂತರ ತೋರಿಸಲು ಅವರು ನಾಲಿಗೆಯನ್ನು ಹೊಸದಾಗಿ ಪಳಗಿಸಬೇಕು. ಟೇಪ್‌ರೆಕಾರ್ಡರು, ಕಿವಿಗೆ ಹೆಡ್‌ಫೋನು ಇಟ್ಟುಕೊಂಡು ಭಾಷಾ ಪ್ರಯೋಗಶಾಲೆಯಲ್ಲಿ ಒಂದೇ ಪದವನ್ನು ಇಪ್ಪತ್ತು ಸಲ ಹೇಳುವ ಕೆಲಸ ಇದಕ್ಕಾಗಿಯೇ. ನಿನ್ನೆಯವರೆಗೆ ‘ಇನ್ನೊಂದು ಸಲ ಹೇಳು’ ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದವರು ಇಂದು ತಾವೇ ಎದ್ದು ನಿಲ್ಲುತ್ತಾರೆ. ತಪ್ಪು ಹೇಳಿದ ಮಗುವಿನ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂಬುದು ಬೋಧನಶಾಸ್ತ್ರದ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಇನ್ನು ಅರ್ಥದ ಕಷ್ಟ. ಸಂಸ್ಕೃತದಿಂದ ಬಂದ ಪದಗಳು ಎಲ್ಲ ಭಾಷೆಯಲ್ಲೂ ಇರುವುದರಿಂದ ಕನ್ನಡ ಸುಲಭ ಎಂದುಕೊಂಡವರನ್ನು ಅದೇ ಪದಗಳು ಬೀಳಿಸುತ್ತವೆ. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ. ‘ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದೇನೆ’ ಎಂದು ಹೆಮ್ಮೆಯಿಂದ ಹೇಳಿಕೊಂಡರೆ ಕೇಳಿದ ಕನ್ನಡಿಗರು ಮೇಷ್ಟ್ರ ಬೆತ್ತವನ್ನು ನೆನೆಯುತ್ತಾರೆ. ಮರಾಠಿಯವರು ಮಾತ್ರ ನಗುತ್ತಾರೆ. ಅವರಲ್ಲೂ ‘ಶಿಕ್ಷಾ’ ಎಂದರೆ ದಂಡನೆಯೇ. ಸಂಜೆ ‘ಉಪನ್ಯಾಸ’ ಇದೆ ಎಂಬ ಬ್ಯಾನರು ನೋಡಿದ ಹಿಂದಿಯವರು, ಬಂಗಾಳಿಯವರು ಯಾರೋ ಕಾದಂಬರಿ ಓದುತ್ತಾರೆಂದು ತಿಳಿಯುತ್ತಾರೆ. ‘ಅವಕಾಶ’ ಅವರಲ್ಲಿ ರಜೆ, ಬಿಡುವು. ‘ನಿಮಗೆ ಅವಕಾಶ ಕೊಡುತ್ತೇವೆ’ ಎಂದರೆ ಮನೆಗೆ ಹೋಗಬಹುದೆಂಬ ಖುಷಿ. ಅವರ ‘ಸಂಸಾರ’ ಇಡೀ ಜಗತ್ತು, ನಮ್ಮದು ಹೆಂಡತಿ ಮಕ್ಕಳು. ನಮ್ಮ ‘ಉದ್ಯೋಗ’ ನೌಕರಿ, ಅವರದು ಕೈಗಾರಿಕೆ. ಅವರ ‘ಚೇಷ್ಟಾ’ ಪ್ರಯತ್ನ. ‘ಮಕ್ಕಳು ಬಹಳ ಚೇಷ್ಟೆ ಮಾಡಬೇಕು’ ಎಂದು ಪ್ರೋತ್ಸಾಹಿಸುವ ಮೇಷ್ಟ್ರನ್ನು ಕನ್ನಡದ ಮಕ್ಕಳು ತಕ್ಷಣ ಇಷ್ಟಪಟ್ಟಾರು!

ಕೆಲವು ಕಡೆ ಕನ್ನಡ ಅವರಿಗೆ ದಯೆ ತೋರುತ್ತದೆ. ಹಿಂದಿಯಲ್ಲಿ ಮೇಜು ಹೆಣ್ಣು, ಮನೆ ಗಂಡು. ಕನ್ನಡದಲ್ಲಿ ಎಲ್ಲವೂ ‘ಅದು’. ಹಿಂದಿಯಲ್ಲಿ ಒಂದರಿಂದ ನೂರರವರೆಗೆ ಹೆಚ್ಚುಕಡಿಮೆ ಪ್ರತಿ ಸಂಖ್ಯೆಯನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕು. ಇಪ್ಪತ್ತೊಂಬತ್ತು, ಮೂವತ್ತೊಂಬತ್ತು, ನಲವತ್ತೊಂಬತ್ತು ಎಂದು ಹತ್ತರ ಪಕ್ಕಕ್ಕೆ ಒಂಬತ್ತು ಜೋಡಿಸಿ ಮುಗಿಸುವ ಕನ್ನಡದ ಲೆಕ್ಕ ಗಣಿತದ ಮೇಷ್ಟ್ರಿಗೆ ಬೆಲ್ಲದಂತೆ ಹಿಡಿಸುತ್ತದೆ. ‘ಇಲ್ಲ’, ‘ಅಲ್ಲ’ ಎಂಬ ಎರಡು ನಿಷೇಧಗಳು ಮಾತ್ರ ಹಿಂದಿಯವರನ್ನು ಕೊನೆಯವರೆಗೂ ಕಾಡುತ್ತವೆ. ಅವರಿಗೆ ಎರಡಕ್ಕೂ ‘ನಹೀಂ’ ಒಂದೇ ಸಾಕು. ಯಾರೋ ಬಾಗಿಲು ತಟ್ಟಿ ‘ನೀವು ಶಾರದಾ ವಿಲಾಸದ ಮೇಷ್ಟ್ರಾ?’ ಎಂದರೆ ‘ಮೇಷ್ಟ್ರು ಇಲ್ಲ’ ಎಂಬ ಉತ್ತರ ಬರುತ್ತದೆ. ಬಂದವರು ‘ಯಾವಾಗ ಬರ್ತಾರೆ?’ ಎನ್ನುತ್ತಾರೆ. ಒಡಿಯಾದಲ್ಲಿ ‘ನಾಹಿಂ’, ‘ನುಹೆಂ’ ಎಂಬ ಎರಡು ರೂಪಗಳಿರುವುದರಿಂದ ಅಲ್ಲಿನವರಿಗೆ ಇದು ಬೇಗ ಹೊಳೆಯುತ್ತದೆ. ಆದರೆ ಒಡಿಯಾದಲ್ಲಿ ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ. ಬಂದನು, ಬಂದಳು, ಬಂದಿತುಗಳ ಮುಂದೆ ಅವರು ತಡವರಿಸುವಾಗ ನಗುವ ಸರದಿ ಹಿಂದಿಯವರದು.

ಪುಸ್ತಕದ ಕನ್ನಡವೂ ಬೀದಿಯ ಕನ್ನಡವೂ ಬೇರೆಯೆಂಬುದು ಇನ್ನೊಂದು ಪೆಟ್ಟು. ಪಾಠದಲ್ಲಿ ‘ಹೋಗುತ್ತೇನೆ’ ಎಂದು ಕಲಿತು ಹೊರಬಂದರೆ ಬೀದಿಯಲ್ಲಿ ಎಲ್ಲರೂ ‘ಹೋಗ್ತೀನಿ’. ‘ಮಾಡುವುದಕ್ಕೆ ಆಗುವುದಿಲ್ಲ’ ಎಂಬುದು ಬಸ್ ಕಂಡಕ್ಟರನ ಬಾಯಲ್ಲಿ ‘ಮಾಡಕ್ಕಾಗಲ್ಲ’. ‘ತಾವು ಎಲ್ಲಿಗೆ ಹೋಗಬೇಕು’ ಎಂದು ವ್ಯಾಕರಣಶುದ್ಧವಾಗಿ ಆಟೋದವರನ್ನು ವಿಚಾರಿಸಿದರೆ ಅವರು ಇವರನ್ನು ನಾಟಕದವರೆಂದು ಭಾವಿಸುತ್ತಾರೆ.

ಹಿಂದಿ ಬಾರದವರ ಉಪಕಾರ

ಇಲ್ಲಿಯವರೆಗಿನದು ತರಗತಿಯಲ್ಲಿ ಸರಿಪಡಿಸಬಹುದಾದ ಕಷ್ಟ. ನಿಜವಾದ ಅಡ್ಡಿ ಬೇರೆ ಇದೆ. ಅದಕ್ಕೆ ಕಾರಣರು ಕನ್ನಡಿಗರೇ. ಹೊರಗಿನವರೊಬ್ಬರು ತಡವರಿಸುತ್ತಾ ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ನಮ್ಮ ಅಂಗಡಿಯವರು, ಆಟೋದವರು, ಬ್ಯಾಂಕಿನ ಗುಮಾಸ್ತರು ಹಿಂದಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಅದು ಸೌಜನ್ಯವೇ ಇರಬಹುದು. ತಮಗೂ ನಾಲ್ಕು ಭಾಷೆ ಬರುತ್ತದೆಂದು ತೋರಿಸುವ ಹುಮ್ಮಸ್ಸೂ ಇರಬಹುದು. ಪರಿಣಾಮ ಮಾತ್ರ ಒಂದೇ. ಬೆಳಿಗ್ಗೆ ಕಷ್ಟಪಟ್ಟು ಕಲಿತ ವಾಕ್ಯ ಸಂಜೆ ಗಂಟಲಲ್ಲೇ ಉಳಿಯುತ್ತದೆ. ಮೈಸೂರಿನಂತಹ ಊರಿನಲ್ಲಿ ಕನ್ನಡವಿಲ್ಲದೆ ಹತ್ತು ತಿಂಗಳು ಕಳೆಯುವುದು ಏನೂ ಕಷ್ಟವಲ್ಲ. ಕನ್ನಡ ಕಲಿಯಲೆಂದೇ ಬಂದವರಿಗೂ ಅದು ಸಾಧ್ಯವಾಗುತ್ತದೆ ಎಂಬುದು ಯೋಚಿಸಬೇಕಾದ ಸಂಗತಿ.

ಹಾಗಿದ್ದರೆ ಅವರು ಕನ್ನಡ ಕಲಿಯುವುದು ಯಾರಿಂದ? ಹಿಂದಿ, ಇಂಗ್ಲಿಷ್ ಎರಡೂ ಬಾರದವರಿಂದ. ಮನೆಯ ಮಾಲೀಕರ ತಾಯಿಯಿಂದ, ಬಾಗಿಲಿಗೆ ಹೂವು ತರುವವಳಿಂದ, ಸೊಪ್ಪು ಮಾರುವವಳಿಂದ, ಬೀದಿಯಲ್ಲಿ ಚಿನ್ನಿದಾಂಡು, ಕ್ರಿಕೆಟ್ ಆಡುವ ಮಕ್ಕಳಿಂದ. ಇವರು ಬೇರೆ ಭಾಷೆಗೆ ಹೊರಳಲಾರರು. ಅರ್ಥವಾಗದಿದ್ದರೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ, ಕೈಸನ್ನೆ ಮಾಡುತ್ತಾರೆ, ನಗುತ್ತಾರೆ. ತಪ್ಪು ಹೇಳಿದರೆ ತಿದ್ದುತ್ತಾರೆ. ಹಳ್ಳಿ ಎಂದು ಹಲ್ಲಿ ಹೇಳಿದ ಮೇಷ್ಟ್ರನ್ನು ಆರನೆಯ ತರಗತಿಯ ಹುಡುಗಿ ‘ಅಂಕಲ್, ನಾಲಿಗೆ ಮಡಿಸಿ’ ಎಂದು ಗದರಿಸಬಲ್ಲಳು. ಹೆಡ್‌ಫೋನಿಗೆ ಆ ಅಧಿಕಾರವಿಲ್ಲ.

‘ಊಟ ಆಯ್ತಾ?’ ಎಂಬುದು ಇಂತಹ ಸ್ನೇಹದ ಮೊದಲ ಪಾಠ. ಹೊಸದಾಗಿ ಬಂದವರಿಗೆ ಅದು ನಿಜವಾದ ಪ್ರಶ್ನೆಯಂತೆ ಕೇಳಿಸುತ್ತದೆ. ಏನು ಬೇಯಿಸಿದೆ, ಎಷ್ಟು ತಿಂದೆ ಎಂದು ವಿವರ ಕೊಡಲು ಶುರುಮಾಡುತ್ತಾರೆ. ಅಥವಾ ಊಟಕ್ಕೆ ಕರೆಯುತ್ತಿದ್ದಾರೆಂದು ತಿಳಿದು ಸಂಕೋಚಪಡುತ್ತಾರೆ. ಬೆಳಿಗ್ಗೆ ‘ತಿಂಡಿ ಆಯ್ತಾ’, ನಡುವೆ ‘ಕಾಫಿ ಆಯ್ತಾ’, ರಾತ್ರಿ ಮತ್ತೆ ‘ಊಟ ಆಯ್ತಾ’. ಇದು ನಮಸ್ಕಾರದ ಇನ್ನೊಂದು ರೂಪ ಎಂದು ತಿಳಿಯುವ ಹೊತ್ತಿಗೆ ಒಂದು ತಿಂಗಳು ಕಳೆದಿರುತ್ತದೆ. ಆಮೇಲೆ ಒಂದು ದಿನ ಮೇಷ್ಟ್ರೇ ಮೊದಲಾಗಿ ‘ಅಜ್ಜಿ, ಊಟ ಆಯ್ತಾ?’ ಎನ್ನುತ್ತಾರೆ. ಅಲ್ಲಿಂದಾಚೆ ಅಜ್ಜಿಯ ಮನೆಯ ಸಾರು ಔಟ್‌ಹೌಸಿಗೆ ಬರತೊಡಗುತ್ತದೆ.

ನೀನು, ನೀವುಗಳ ಲೆಕ್ಕವೂ ಇಂತಹವರಿಂದಲೇ ತಿಳಿಯಬೇಕು. ಹಿಂದಿಯ ತೂ, ತುಮ್, ಆಪ್ ಎಂಬ ಮೂರು ಮೆಟ್ಟಿಲುಗಳು ಕನ್ನಡದ ಎರಡಕ್ಕೆ ಸರಿಯಾಗಿ ಹೊಂದುವುದಿಲ್ಲ. ಶಾಲೆಯ ಮಕ್ಕಳನ್ನು ‘ತುಮ್’ ಎಂದು ಕರೆದು ರೂಢಿಯಾದವರು ಅದನ್ನು ‘ನೀವು’ ಎಂದುಕೊಂಡು ಐದು ವರ್ಷದ ಪೋರನಿಗೂ ಬಹುವಚನ ಹಚ್ಚುತ್ತಾರೆ. ತಾಯಿಗೆ, ದೇವರಿಗೆ ‘ನೀನು’ ಎಂದು ಏಕವಚನದಲ್ಲಿ ಮಾತನಾಡುವ ಮನೆಗಳನ್ನು ನೋಡಿ ಬೆರಗಾಗುತ್ತಾರೆ. ಯಾರಿಗೆ ಅಣ್ಣ, ಯಾರಿಗೆ ಸಾರ್, ಯಾವ ವಯಸ್ಸಿನವರೆಗೆ ಅಕ್ಕ, ಯಾವಾಗಿನಿಂದ ಅಮ್ಮ ಎಂಬುದನ್ನು ಹೇಳಿಕೊಡುವ ವ್ಯಾಕರಣ ಯಾವುದೂ ಇಲ್ಲ.

ಜುಲೈಯಿಂದ ಏಪ್ರಿಲ್ ಎಂದರೆ ಮೈಸೂರಿನ ಹಬ್ಬಗಳೆಲ್ಲ ಅದರೊಳಗೇ ಬರುತ್ತವೆ. ಗೌರಿ-ಗಣೇಶ, ಆಮೇಲೆ ದಸರಾ. ಅಂಬಾರಿ, ದೀಪಾಲಂಕಾರಗಳನ್ನು ಪ್ರವಾಸಿಗಳೂ ನೋಡಿ ಹೋಗುತ್ತಾರೆ. ಆದರೆ ‘ಗೊಂಬೆ ಕೂರಿಸಿದ್ದೀರಾ?’ ಎಂದು ಮನೆ ಮನೆ ಸುತ್ತುವ ಮಕ್ಕಳ ಹಿಂದೆ ಹೋಗಿ ಪಟ್ಟದ ಗೊಂಬೆಗಳನ್ನು ನೋಡಿ, ಕೈಗೆ ಬೊಂಬೆ ಬಾಗಿನ ಹಾಕಿಸಿಕೊಂಡು ಬರುವ ಭಾಗ್ಯ ಬೀದಿಯಲ್ಲಿ ಬಾಡಿಗೆಗಿರುವವರದು. ಸಂಕ್ರಾಂತಿಗೆ ಮನೆಯ ಹುಡುಗಿ ಎಳ್ಳು ಬೀರಲು ಬಂದಾಗ ಮಹಾರಾಷ್ಟ್ರದ ಮೇಡಂ ತಮ್ಮ ತಿಳಗುಳ ನೆನೆಯುತ್ತಾರೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂಬ ಉಪಚಾರವೂ ಎರಡೂ ಕಡೆ ಒಂದೇ. ಯುಗಾದಿಯ ಬೇವುಬೆಲ್ಲ, ರಾಮನವಮಿಯ ಪಾನಕ ಕೋಸಂಬರಿಗಳ ಹೊತ್ತಿಗೆ ಪರೀಕ್ಷೆ, ಮೂಟೆ ಕಟ್ಟುವ ಚಿಂತೆ.

ಸಹಪಾಠಿಗಳ ಸ್ನ���ಹ ಇನ್ನೊಂದು ಬಗೆಯದು. ನಲವತ್ತು ದಾಟಿದವರಿಗೆ ಹೊಸ ಗೆಳೆಯರು ಸಿಗುವುದು ಅಪರೂಪ. ಇಲ್ಲಿ ಪಂಜಾಬಿನವರು, ಅಸ್ಸಾಮಿನವರು, ಒಡಿಶಾದವರು ಒಂದೇ ಬೆಂಚಿನಲ್ಲಿ ಕುಳಿತು ಒಂದೇ ತಪ್ಪಿಗೆ ನಗಿಸಿಕೊಂಡವರು. ಅವರ ಮಾತುಕತೆ ಮೊದಲು ಹಿಂದಿ, ಇಂಗ್ಲಿಷಿನಲ್ಲಿ ನಡೆಯುತ್ತದೆ. ತಿಂಗಳುಗಳು ಕಳೆದಂತೆ ಅದರೊಳಗೆ ‘ಸ್ವಲ್ಪ’, ‘ಸಾಕು’, ‘ಬೇಡ’, ‘ಆಯ್ತು’ಗಳು ನುಸುಳುತ್ತವೆ. ‘ಬೇಡ’ ಎಂಬ ಒಂದೇ ಪದದಲ್ಲಿ ನಿರಾಕರಣೆ ಮುಗಿಸುವ ಸೌಕರ್ಯ ಹಿಂದಿಯಲ್ಲಿಲ್ಲ. ಅದು ಬೇಗ ನಾಲಿಗೆಗೆ ಅಂಟಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಭಾನುವಾರ ನಂಜನಗೂಡಿಗೆ ರೈಲು, ಚಾಮುಂಡಿ ಬೆಟ್ಟದ ಮೆಟ್ಟಿಲು. ಒಬ್ಬರ ಕೋಣೆಯಲ್ಲಿ ಮೀನು ಬೇಯಬಾರದೆಂದು ಮನೆಯವರು ಹೇಳಿದ್ದರೆ ಇನ್ನೊಬ್ಬರ ಕೋಣೆಯಲ್ಲಿ ಒಗ್ಗರಣೆ.

ಇಷ್ಟೆಲ್ಲ ನಗುವಿನ ನಡುವೆ ಊರಿನ ನೆನಪು ಇಲ್ಲವೆಂದಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಬಿಹಾರದ ಹಳ್ಳಿಗೆ ಹಾಕಿದ ಇನ್‌ಲ್ಯಾಂಡ್ ಪತ್ರದ ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಎಸ್‌ಟಿಡಿ ಬೂತಿನಲ್ಲಿ ರಾತ್ರಿ ಕಡಿಮೆ ದರದ ಹೊತ್ತಿಗೆ ಸಾಲು ನಿಂತು, ಮೀಟರಿನ ಕೆಂಪು ಅಂಕಿ ನೋಡುತ್ತಾ ಮಾತು ಮುಗಿಸಬೇಕಿತ್ತು. ಮಗಳ ಪರೀಕ್ಷೆ, ತಂದೆಯ ಕೆಮ್ಮು, ಹೊಲದ ತಗಾದೆ ಎಲ್ಲವೂ ಅವರಿಲ್ಲದೆಯೇ ನಡೆಯುತ್ತಿದ್ದವು. ಮಹಿಳೆಯರಿಗೆ ಇದು ಇನ್ನೂ ಕಠಿಣ. ಹತ್ತು ತಿಂಗಳು ಮನೆ ಬಿಟ್ಟು ಬರಲು ಮೊದಲು ಮನೆಯವರ ಒಪ್ಪಿಗೆ, ಆಮೇಲೆ ಇಲಾಖೆಯದು. ಈಗ ಕೈಯಲ್ಲಿ ಮೊಬೈಲು ಇದೆ, ರಾತ್ರಿ ಮಗುವಿನ ಮುಖ ನೋಡಬಹುದು. ಆದರೆ ಅದೇ ಮೊಬೈಲಿನಿಂದಾಗಿ ಸಂಜೆಯ ಹೊತ್ತು ಬಾಗಿಲು ದಾಟಿ ಅಜ್ಜಿಯ ಜಗಲಿಗೆ ಹೋಗುವ ಅಗತ್ಯವೂ ಕಡಿಮೆಯಾಗಿದೆ.

ಊರು ಬಿಟ್ಟ ಮೇಷ್ಟ್ರಿಗೆ ಪರಊರಿನ ಸ್ನೇಹವೇ ಆಸರೆಯಾದ ನಿದರ್ಶನಗಳು ಕನ್ನಡದಲ್ಲಿ ಹಳೆಯವು. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿ, ಕುಂದಾಪುರಗಳಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಅಲ್ಪ ಸಂಬಳ, ವ್ಯಾಯಾಮ ಶಿಕ್ಷಕನೆಂಬ ಸಣ್ಣ ಸ್ಥಾನ. ಅವರ ಒಳಗಿದ್ದ ಕವಿಯನ್ನು ಬಲ್ಲವರಲ್ಲಿ ಮುಖ್ಯರು ಕನ್ನಡ ಪಂಡಿತರಾಗಿದ್ದ ಗೆಳೆಯ ಮಳಲಿ ಸುಬ್ಬರಾಯರು. ಲಕ್ಷ್ಮೀನಾರಣಪ್ಪ ತಮ್ಮ ಕೃತಿಗಳನ್ನು ಹಳೆಯ ಕವಿಯದೆಂದು ಹೇಳಿ ಅಂಚೆಯಲ್ಲಿ ಕಳುಹಿಸಿದ್ದು ಇದೇ ಮೈಸೂರಿಗೆ, ಕಾವ್ಯಮಂಜರಿಯನ್ನು ನಡೆಸುತ್ತಿದ್ದ ಎಂ.ಎ. ರಾಮಾನುಜಯ್ಯಂಗಾರ್ ಮತ್ತು ಎಸ್.ಜಿ. ನರಸಿಂಹಾಚಾರ್ಯರಿಗೆ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಮೂವತ್ತರ ಆಸುಪಾಸು. ‘ರಾಮಾಶ್ವಮೇಧ’ದ ಮುದ್ದಣ ಎಂದರೆ ಈ ಡ್ರಿಲ್ ಮಾಸ್ತರರೇ ಎಂಬುದು ಲೋಕಕ್ಕೆ ತಿಳಿದದ್ದು ಆನಂತರ.

ಪಂಜೆ ಮಂಗೇಶರಾಯರದು ಇನ್ನೂ ಹತ್ತಿರದ ಹೋಲಿಕೆ. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ. ಕಲಿಸಿದ್ದು ಕನ್ನಡ. ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಹೋದದ್ದು ಕೊಡವ ಮಾತಿನ ಮಡಿಕೇರಿಗೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಈ ಮೇಷ್ಟ್ರು ಬರೆದ ಹುತ್ತರಿಯ ಹಾಡನ್ನು ಕೊಡಗಿನವರು ತಮ್ಮದೇ ಎಂದು ಹಾಡಿಕೊಂಡರು. ಮನೆಮಾತು ಬೇರೆಯಾದವರು ಇನ್ನೊಂದು ನೆಲದ ಭಾಷೆಯಲ್ಲಿ ನೆಲೆ ಕಾಣುವುದು ಕನ್ನಡಕ್ಕೆ ಹೊಸದಲ್ಲ. ಮರಾಠಿ ಮನೆಮಾತಿನ ಬೇಂದ್ರೆ, ತಮಿಳಿನ ಮಾಸ್ತಿ, ರಾಜರತ್ನಂ ಅವರನ್ನು ನೆನೆದರೆ ಸಾಕು. ಆದರೆ ಅವರೆಲ್ಲ ಕನ್ನಡದ ನಡುವೆಯೇ ಬದುಕಿದವರು. ಹತ್ತು ತಿಂಗಳಿಗೆ ಬಂದು ಹೋಗುವ ಮೇಷ್ಟ್ರಿಗೆ ಆ ಅದೃಷ್ಟವಿಲ್ಲ.

ಹೊರಡುವ ದಿನ ಅವರಿಗೆ ಕೊನೆಯ ಪಾಠ. ‘ನಾನು ಹೋಗ್ತೀನಿ’ ಎಂದರೆ ಅಜ್ಜಿ ಬಾಯಿಗೆ ಕೈ ಇಡುತ್ತಾರೆ. ‘ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನಿ.’ ಬಂಗಾಳಿ, ಒಡಿಯಾ, ಮರಾಠಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರಲ್ಲೂ ಬಾಗಿಲಲ್ಲಿ ‘ಬರುತ್ತೇನೆ’ ಎಂದೇ ಹೊರಡುವುದು.

ಹೋದ ಮೇಲೆ ಏನಾಯಿತು? ಸೂತ್ರ ಎಡವಿದ್ದು ಇಲ್ಲಿ. ಹಿಂದಿ ರಾಜ್ಯಗಳ ಬಹುತೇಕ ಶಾಲೆಗಳು ಮೂರನೆಯ ಭಾಷೆಯ ಸ್ಥಾನದಲ್ಲಿ ಸಂಸ್ಕೃತವನ್ನು ಇಟ್ಟವು. ದಕ್ಷಿಣದ ಭಾಷೆಗಳು ವೇಳಾಪಟ್ಟಿಗೆ ಬಂದದ್ದೇ ಅಪರೂಪ. ಸಂಸ್ಕೃತದ ಮೇಲೆ ಯಾರಿಗೂ ಮುನಿಸಿರಬೇಕಾಗಿಲ್ಲ. ಆದರೆ 1968ರ ನೀತಿ ಕೇಳಿದ್ದು ಆಧುನಿಕ ಭಾಷೆಯನ್ನು. ಅಂಗಡಿಯಲ್ಲಿ ಬೇಳೆ ಕೊಳ್ಳಲು ಬೇಕಾಗುವ ಭಾಷೆಯನ್ನು. ಶಿಕ್ಷಕರನ್ನು ಸಂಬಳ ಕೊಟ್ಟು ಹತ್ತು ತಿಂಗಳು ಕಳುಹಿಸಿದ ಸರ್ಕಾರಗಳೇ ಅವರು ಮರಳಿದಾಗ ಆ ಭಾಷೆಗೆ ಒಂದು ಪೀರಿಯಡ್ ಕೊಡಲು ಮನಸ್ಸು ಮಾಡಲಿಲ್ಲ. ಕನ್ನಡ ಕಲಿತ ಮೇಷ್ಟ್ರು ಹಳೆಯ ಗಣಿತ, ಸಮಾಜ ಪಾಠಕ್ಕೇ ಹೊರಳಬೇಕಾಯಿತು. ಕಲಿಸದ ಭಾಷೆ ನಾಲಿಗೆಯಿಂದ ಬೇಗ ಇಳಿಯುತ್ತದೆ. ದಕ್ಷಿಣದ ಮಕ್ಕಳು ಹಿಂದಿ ಕಲಿತರು, ಅತ್ತಲಿನ ಮಕ್ಕಳಿಗೆ ನಮ್ಮ ಭಾಷೆ ತಲುಪಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಆ ದೂರು ಹೇಳುವಾಗ ಕಲಿತು ಹೋದ ಈ ಮೇಷ್ಟ್ರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರು ತಮ್ಮ ಪಾಲಿನ ಕೆಲಸ ಮುಗಿಸಿದ್ದರು.

2020ರ ಶಿಕ್ಷಣ ನೀತಿ ಮೂರು ಭಾಷೆಗಳ ಮಾತನ್ನು ಮತ್ತೆ ಎತ್ತಿತು. ತಮಿಳುನಾಡು 1968ರಿಂದಲೂ ಎರಡೇ ಭಾಷೆ ಸಾಕೆಂದು ನಿಂತಿದೆ. ಕರ್ನಾಟಕದ ರಾಜ್ಯ ಶಿಕ್ಷಣ ನೀತಿ ಆಯೋಗವೂ 2025ರಲ್ಲಿ ಸಲ್ಲಿಸಿದ ವರದಿಯಲ್ಲಿ ಎರಡು ಭಾಷೆಗಳ ಪರ ಶಿಫಾರಸು ಮಾಡಿತು. ಈ ವಾದವಿವಾದಗಳಲ್ಲಿ ಮಕ್ಕಳು ಎಷ್ಟು ಭಾಷೆ ಕಲಿಯಬೇಕೆಂಬ ಪ್ರಶ್ನೆ ದೊಡ್ಡದಾಗಿ ಕೇಳಿಸುತ್ತದೆ. ಕಲಿಸುವವರು ಎಲ್ಲಿಂದ ಬರುತ್ತಾರೆ, ಕಲಿತು ಬಂದವರಿಗೆ ಕೆಲಸ ಎಲ್ಲಿದೆ ಎಂಬುದು ಅಷ್ಟಾಗಿ ಕೇಳಿಸುವುದಿಲ್ಲ.

ಕರ್ನಾಟಕದ ಶಿಕ್ಷಕರೂ ಇದೇ ಯೋಜನೆಯಲ್ಲಿ ಎದುರು ದಿಕ್ಕಿಗೆ ಹೋಗಿದ್ದಾರೆ. ಮರಾಠಿಗೆ ಪುಣೆ, ಒಡಿಯಾ, ಬಂಗಾಳಿಗೆ ಭುವನೇಶ್ವರ, ಪಂಜಾಬಿಗೆ ಪಟಿಯಾಲ. ಅಲ್ಲಿ ನಗಿಸಿಕೊಳ್ಳುವ ಸರದಿ ನಮ್ಮವರದು. ಪುಣೆಯಲ್ಲಿ ‘ಚಾಂಗಲಾ’ ಎಂದು ಬರೆದದ್ದನ್ನು ‘ತ್ಸಾಂಗಲಾ’ ಎನ್ನಬೇಕು. ಪಟಿಯಾಲದಲ್ಲಿ ‘ಘೋಡಾ’ ಎಂದು ಬರೆದ ಕುದುರೆಯನ್ನು ಸ್ವರ ತಗ್ಗಿಸಿ ‘ಕೋಡಾ’ ಎಂಬಂತೆ ಉಚ್ಚರಿಸಬೇಕು. ಪುಣೆಯ ಅಂಗಡಿಯಲ್ಲಿ ಬೇಳೆ ಕೇಳುವುದು ಮಾತ್ರ ಕನ್ನಡದ ಮೇಷ್ಟ್ರಿಗೆ ಕಷ್ಟವಾಗದು. ಮರಾಠಿಯಲ್ಲಿ ಅದು ‘ಡಾಳ’, ಕೊನೆಯಲ್ಲಿ ನಮ್ಮದೇ ‘ಳ’ ಇದೆ.